ವ್ಯವಸಾಯದ ಕಸಬುಗಳೂ ಪ್ರಮಾಣಪತ್ರದ ಬೆಲೆಯೂ

ಬಡಗಿಯ ಮಗನು ತಂದೆಯ ಉಳಿ ಬಾಚಿಗಳನ್ನು ಹಿಡಿದು ಬಡಗಿಯಾದನು. ಕಮ್ಮಾರನ ಮಗನು ತಿದಿಯೊತ್ತುತ್ತ ಕಮ್ಮಾರನಾದನು. ಒಕ್ಕಲಿಗನ ಮಗನು ಮೇಳಿಯ ಹಿಂದೆ ನಡೆದು ಒಕ್ಕಲಿಗನಾದನು. ಇವರಿಗೆ ಪ್ರಮಾಣಪತ್ರವನ್ನು ಕೊಟ್ಟವರು ಯಾರೂ ಇರಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ. ಮಾಡಿದ ನೇಗಿಲು ಹೊಲದಲ್ಲಿ ನೆಟ್ಟಗೆ ನಡೆದರೆ ಅದೇ ಬಡಗಿಯ ಯೋಗ್ಯತಾಪತ್ರವಾಗಿತ್ತು. ಬಿತ್ತಿದ ಪೈರು ಸಾಲು ತಪ್ಪದೆ ಎದ್ದರೆ ಅದೇ ಒಕ್ಕಲಿಗನ ಯೋಗ್ಯತಾಪತ್ರವಾಗಿತ್ತು. ಆದುದರಿಂದಲೇ ವ್ಯವಸಾಯವನ್ನು ಪಾಠಶಾಲೆಯಲ್ಲಿ ಕಲಿಸುವ ಮಾತೆತ್ತಿದಾಗಲೆಲ್ಲ, ಮೀನಿನ ಮರಿಗೆ ಈಜು ಕಲಿಸಬೇಕೇ ಎಂದು ಹಿರಿಯರು ನಗುವುದುಂಟು.

ಉಪಕರಣಗಳೂ ಬೀಜವೂ ಗೊಬ್ಬರವೂ ಅಜ್ಜನ ಕಾಲದವೇ ಆಗಿದ್ದವರೆಗೆ ಈ ಮಾತು ಸರಿಯಾಗಿತ್ತು. ಈಗಲಾದರೋ ಹೊಲಕ್ಕೆ ಬರುವ ವಸ್ತುಗಳಲ್ಲಿ ಅಜ್ಜನು ಕಣ್ಣಿನಿಂದ ಕಂಡಿರದವುಗಳೇ ಬಹಳ. ಹನಿ ನೀರಾವರಿಯ ನಳಿಗಳು, ನೀರಿನಲ್ಲಿ ಕರಗಿಸಿ ಕೊಡುವ ಗೊಬ್ಬರಗಳು, ಸಂಕರಣ ತಳಿಯ ಬೀಜಗಳು, ಆಕಾಶದಿಂದ ಔಷಧಿ ಸಿಂಪಡಿಸುವ ಡ್ರೋನುಗಳು, ಬೆರಳುದ್ದದ ಸೀಸೆಯಲ್ಲಿ ಬರುವ ತೀಕ್ಷ್ಣವಾದ ವಿಷಗಳು—ಇವುಗಳ ವಿಷಯದಲ್ಲಿ ತಂದೆಗೇ ತಿಳಿಯದುದನ್ನು ಮಗನು ತಂದೆಯಿಂದ ಕಲಿಯುವ ಬಗೆ ಹೇಗೆ? ಆದುದರಿಂದ ವ್ಯವಸಾಯದಲ್ಲಿ ವೃತ್ತಿಶಿಕ್ಷಣವು ಬೇಕೇ ಎಂಬ ಪ್ರಶ್ನೆಯು ಹಳೆಯದಾಯಿತು. ಕೊಡುವ ಶಿಕ್ಷಣವು ಯಾರಿಗೆ ಮುಟ್ಟುತ್ತಿದೆ, ಅದರ ಕೊನೆಯಲ್ಲಿ ಕೈಗೆ ಬರುವ ಕಾಗದಕ್ಕೆ ಹೊಲದಲ್ಲಿ ಏನು ಬೆಲೆ, ಎಂಬುದೇ ಈಗ ನಾವು ಕೇಳಬೇಕಾಗಿರುವ ಪ್ರಶ್ನೆ.

ಹಿಂದಿನ ಪ್ರಯತ್ನಗಳು.—ನಮ್ಮ ನಾಡಿನಲ್ಲಿ ಈ ಕೆಲಸವು ಇಂದು ನಿನ್ನೆಯದಲ್ಲ. ೧೮೯೯ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರದವರು ಹೆಬ್ಬಾಳದಲ್ಲಿ ಪ್ರಯೋಗಕ್ಷೇತ್ರಕ್ಕೆ ಭೂಮಿಯನ್ನು ಕೊಟ್ಟು, ಡಾಕ್ಟರ್ ಲೇಮನ್ನರ ಕೈಯಲ್ಲಿ ವ್ಯವಸಾಯ ಸಂಶೋಧನೆಗೆ ತಳಹದಿಯನ್ನು ಹಾಕಿಸಿದರು. ೧೯೦೮ರಲ್ಲಿ ಡಾಕ್ಟರ್ ಕೋಲ್ಮನ್ನರು ಬಂದರು. ೧೯೧೩ರಲ್ಲಿ ಅದೇ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆಯು ತೆರೆಯಲ್ಪಟ್ಟಿತು. ೧೯೪೬ರಲ್ಲಿ ಕಾಲೇಜೂ, ೧೯೬೪ರಲ್ಲಿ ವಿಶ್ವವಿದ್ಯಾನಿಲಯವೂ ಅದರಿಂದಲೇ ಬೆಳೆದುವು. ಶಾಲೆಯು ಕಾಲೇಜಾದುದೂ ಕಾಲೇಜು ವಿಶ್ವವಿದ್ಯಾನಿಲಯವಾದುದೂ ಸಂತೋಷದ ಸಂಗತಿಯೇ. ಆದರೆ ಮೇಲಿನ ಮಹಡಿಗಳು ಏಳುತ್ತಾ ಹೋದಂತೆ ಕೆಳಗಿನ ಮೆಟ್ಟಿಲುಗಳ ಕಡೆಗೆ ಲಕ್ಷ್ಯವು ಕಡಿಮೆಯಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಉನ್ನತ ವ್ಯವಸಾಯ ಶಿಕ್ಷಣವನ್ನು ಪಡೆದವರಲ್ಲಿ ಬಹುಮಂದಿ ಇಲಾಖೆಗೆ, ಬ್ಯಾಂಕಿಗೆ, ಗೊಬ್ಬರ ಬೀಜಗಳ ಕಂಪೆನಿಗಳಿಗೆ ಹೋದರು. ಹೊಲದಲ್ಲಿ ನಿಂತು ಕೈಯಿಂದ ಕೆಲಸ ಮಾಡುವವನ ಮಟ್ಟಕ್ಕೆ ಇಳಿದು ಬರುವ ಶಿಕ್ಷಣವು ಅಷ್ಟಾಗಿ ಬೆಳೆಯಲಿಲ್ಲ.

ಈ ಕೊರತೆಯನ್ನು ಬಲ್ಲವರು ಕಾಣದೆ ಇರಲಿಲ್ಲ. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು ೧೯೬೬ರಲ್ಲಿ, ಮಧ್ಯಮ ದರ್ಜೆಯ ಕುಶಲರನ್ನು ಸಿದ್ಧಪಡಿಸಲು ವ್ಯವಸಾಯದ ಪಾಲಿಟೆಕ್ನಿಕ್ಕುಗಳು ಬೇಕೆಂದು ಸಲಹೆ ಕೊಟ್ಟಿತು. ೧೯೭೪ರಲ್ಲಿ ಪುದುಚೇರಿಯಲ್ಲಿ ಮೊದಲನೆಯ ಕೃಷಿ ವಿಜ್ಞಾನ ಕೇಂದ್ರವು ತೆರೆಯಲ್ಪಟ್ಟಿತು. ಮಾಡುತ್ತ ಕಲಿಯುವುದು ಎಂಬುದೇ ಅದರ ಸೂತ್ರವಾಗಿತ್ತು. ನಮ್ಮ ವ್ಯವಸಾಯ ವಿಶ್ವವಿದ್ಯಾನಿಲಯಗಳು ಎಸ್. ಎಸ್. ಎಲ್. ಸಿ. ಮುಗಿಸಿದವರಿಗೆ ಕನ್ನಡದಲ್ಲಿಯೇ ಎರಡು ವರ್ಷಗಳ ಡಿಪ್ಲೊಮಾ ಶಿಕ್ಷಣವನ್ನು ಏರ್ಪಡಿಸಿದುದು ಬಹಳ ಮೆಚ್ಚತಕ್ಕ ಕಾರ್ಯ. ೨೦೧೩ರಲ್ಲಿ ಭಾರತೀಯ ಕೃಷಿ ಕೌಶಲ ಪರಿಷತ್ತು ಸ್ಥಾಪಿತವಾಯಿತು. ಅದೇ ವರ್ಷ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಪ್ರಕಟವಾಗಿ, ಕಸಬಿನ ಕಲಿಕೆಗೂ ಶಾಲೆಯ ಕಲಿಕೆಯಂತೆಯೇ ಮೆಟ್ಟಿಲುಗಳನ್ನು ಗೊತ್ತುಮಾಡಲಾಯಿತು. ಅಣಬೆ ಬೆಳೆಯುವುದು, ಜೇನು ಸಾಕುವುದು, ತೋಟ ನೋಡಿಕೊಳ್ಳುವುದು, ಟ್ರಾಕ್ಟರು ನಡೆಸುವುದು—ಹೀಗೆ ಒಂದೊಂದು ಕಸಬಿಗೂ ಪಾಠಕ್ರಮವಿದೆ. ಗ್ರಾಮೀಣ ಯುವಕರಿಗೆಂದು ಏಳು ದಿವಸಗಳ ತರಬೇತೂ ಇದೆ.

ಇಷ್ಟೆಲ್ಲ ಇದ್ದರೂ ಹಳ್ಳಿಗಳಲ್ಲಿ ಕೇಳಿಬರುವ ಮಾತು ಬೇರೆ. ತರಬೇತಿಗೆ ಹೋದೆವು, ಉಪನ್ಯಾಸಗಳನ್ನು ಕೇಳಿದೆವು, ಊಟ ಚೆನ್ನಾಗಿತ್ತು, ಛಾಯಾಚಿತ್ರ ತೆಗೆಸಿಕೊಂಡೆವು, ಪ್ರಮಾಣಪತ್ರ ಬಂದಿತು, ಅದು ಪೆಟ್ಟಿಗೆಯಲ್ಲಿದೆ—ಇಷ್ಟೇ. ಪ್ರಮಾಣಪತ್ರವು ಪೆಟ್ಟಿಗೆಯಲ್ಲಿಯೇ ಉಳಿಯುವುದೇಕೆ? ಅದು ಕುಳಿತ ದಿನಗಳಿಗೆ ಸಾಕ್ಷಿಯಾಗಿರುತ್ತದೆಯೇ ಹೊರತು ಕೈಗೆ ಬಂದ ಕೆಲಸಕ್ಕೆ ಸಾಕ್ಷಿಯಾಗಿರುವುದಿಲ್ಲ. ಅದನ್ನು ತೋರಿಸಿದರೆ ಒಂದು ಕಾಸು ಹೆಚ್ಚು ಕೂಲಿಯೂ ಹುಟ್ಟುವುದಿಲ್ಲ; ಅದಿಲ್ಲದವನಿಗೆ ಯಾವ ಕೆಲಸವೂ ತಪ್ಪುವುದಿಲ್ಲ. ಇಂತಹ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟವನನ್ನು ದೂರುವುದು ನ್ಯಾಯವಲ್ಲ.

ಬೆಲೆಯುಳ್ಳ ತರಬೇತು ಎಂತಹುದು?—ಎಲ್ಲ ತರಬೇತುಗಳೂ ಹೀಗೆಯೇ ಆಗಿವೆಯೆಂದು ನಾವು ಹೇಳುವುದಿಲ್ಲ. ಎರಡು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ತೆಂಗಿನದು. ಮರ ಹತ್ತುವವರು ಸಿಕ್ಕದೆ ತೆಂಗಿನ ಬೆಳೆಗಾರರು ಕಷ್ಟಪಡುತ್ತಿದ್ದ ಕಾಲದಲ್ಲಿ, ೨೦೧೧ರಲ್ಲಿ, ತೆಂಗು ಅಭಿವೃದ್ಧಿ ಮಂಡಳಿಯವರು ‘ತೆಂಗಿನ ಮರದ ಗೆಳೆಯರು’ ಎಂಬ ಹೆಸರಿನಿಂದ ಆರು ದಿವಸಗಳ ತರಬೇತನ್ನು ಆರಂಭಿಸಿದರು. ಆರು ದಿವಸಗಳೇನು ಹೆಚ್ಚಲ್ಲ. ಆದರೆ ಕಲಿಯುವವನು ಮರದ ಬುಡದಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವುದಲ್ಲ. ಯಂತ್ರವನ್ನು ಕಟ್ಟಿ ಮರ ಹತ್ತಲೇಬೇಕು. ತರಬೇತು ಮುಗಿದಾಗ ಹತ್ತುವ ಯಂತ್ರವೂ ದೊರೆಯಿತು, ಅಪಘಾತದ ವಿಮೆಯೂ ದೊರೆಯಿತು. ಕಲಿತ ವಿದ್ಯೆ, ಅದನ್ನು ನಡೆಸುವ ಉಪಕರಣ, ಬಿದ್ದರೆ ಸಂಸಾರಕ್ಕೊಂದು ಆಧಾರ—ಈ ಮೂರೂ ಒಟ್ಟಿಗೆ ಕೈಗೆ ಬಂದುವು. ಮರ ಹತ್ತುವುದು ಕೀಳು ಕೆಲಸವೆಂದು ಬಿಟ್ಟುಹೋಗುತ್ತಿದ್ದ ಯುವಕರಲ್ಲಿ ಕೆಲವರಾದರೂ ಅದನ್ನು ಕಸಬೆಂದು ಹಿಡಿದರೆ, ಅದಕ್ಕೆ ಕಾರಣವು ಈ ಕೂಡಿಕೆಯೇ ಎಂದು ನಮ್ಮ ಅಭಿಪ್ರಾಯ.

ಎರಡನೆಯದು ರೇಷ್ಮೆಯದು. ರೇಷ್ಮೆಹುಳು ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವುದೆಂಬುದು ವಾಚಕರಿಗೆ ತಿಳಿದೇ ಇದೆ. ಎರಡನೆಯ ಜ್ವರ ಕಳೆಯುವವರೆಗಿನ ಚಾಕಿ ಹುಳುವು ಬಲು ಸೂಕ್ಷ್ಮವಾದುದು. ಎಳೆಯ ಸೊಪ್ಪು, ಹದವಾದ ಶಾಖ, ಹೆಚ್ಚಿನ ತೇವ, ಕಟ್ಟುನಿಟ್ಟಾದ ಶುಚಿ, ಇವುಗಳಲ್ಲಿ ಒಂದು ತಪ್ಪಿದರೂ ಕೊನೆಯಲ್ಲಿ ಗೂಡು ಕೆಡುತ್ತದೆ. ಈ ಒಂದು ಘಟ್ಟವನ್ನು ಮಾತ್ರ ಚೆನ್ನಾಗಿ ಕಲಿತು, ಚಾಕಿ ಕೇಂದ್ರಗಳನ್ನು ಇಟ್ಟುಕೊಂಡು, ಹುಳುಗಳನ್ನು ಇತರ ರೈತರಿಗೆ ಮಾರುವವರು ಈಗ ನಮ್ಮ ರೇಷ್ಮೆ ಸೀಮೆಯಲ್ಲಿ ಇದ್ದಾರೆ. ಕೊಂಡವನಿಗೆ ಗೂಡು ಸರಿಯಾಗಿ ಬಂದರೆ ಮುಂದಿನ ಬೆಳೆಗೂ ಅವನೇ ಗಿರಾಕಿ. ಬಾರದಿದ್ದರೆ ಎಷ್ಟು ಪ್ರಮಾಣಪತ್ರಗಳನ್ನು ಗೋಡೆಗೆ ತೂಗಿದರೂ ಪ್ರಯೋಜನವಿಲ್ಲ. ಇಲ್ಲಿ ವಿದ್ಯೆಗೆ ಪರೀಕ್ಷೆಯು ಬೆಳೆ ಬೆಳೆಗೂ ನಡೆಯುತ್ತಿರುತ್ತದೆ. ಪರೀಕ್ಷಕನು ನೆರೆಯ ರೈತನೇ.

ಇವೆರಡರಿಂದ ತಿಳಿದುಬರುವುದೇನೆಂದರೆ, ತರಬೇತಿಗೆ ಬೆಲೆ ಬರುವುದು ಅದರ ದಿನಗಳ ಉದ್ದದಿಂದಲ್ಲ. ಗೊತ್ತಾದ ಒಂದು ಕೆಲಸವನ್ನು ಕಲಿಸಬೇಕು. ಆ ಕೆಲಸವನ್ನು ಮಾಡಿಸಿಯೇ ಪರೀಕ್ಷಿಸಬೇಕು. ಕಲಿತವನಿಗೂ ಕಲಿಯದವನಿಗೂ ಸಂಪಾದನೆಯಲ್ಲಿ ಭೇದವು ಕಾಣಬೇಕು.

ವಿಷವನ್ನು ಹಿಡಿಯುವ ಕೈ.—ಈ ಅಳತೆಗೋಲಿನಿಂದ ನೋಡಿದರೆ, ನಮ್ಮ ವ್ಯವಸಾಯದಲ್ಲಿ ಅತಿ ಅಗತ್ಯವಾಗಿ ತರಬೇತು ಬೇಕಾದ ಒಂದು ಕಸಬಿಗೆ ತಕ್ಕ ಪ್ರಮಾಣಪತ್ರವು ಇನ್ನೂ ಬಳಕೆಗೆ ಬಂದಿಲ್ಲವೆಂಬುದು ಕಂಡುಬರುತ್ತದೆ. ಅದು ಕೂಲಿಗಾಗಿ ಔಷಧಿ ಸಿಂಪಡಿಸುವವನ ಕಸಬು.

ಈಗಿನ ವ್ಯವಸ್ಥೆಯನ್ನು ವಾಚಕರು ಸ್ವಲ್ಪ ಗಮನಿಸಬೇಕು. ಕೀಟನಾಶಕಗಳ ವಿಷಯವಾಗಿ ೧೯೬೮ರ ಕಾನೂನೂ ೧೯೭೧ರ ನಿಯಮಗಳೂ ಇವೆ. ಅಂಗಡಿಯಲ್ಲಿ ಮಾರುವವನಿಗೆ ವಿದ್ಯಾರ್ಹತೆಯು ಗೊತ್ತಾಗಿದೆ. ಆ ಅರ್ಹತೆಯಿಲ್ಲದ ಹಳೆಯ ವ್ಯಾಪಾರಿಗಳಿಗಾಗಿ ೨೦೧೭ರಲ್ಲಿ ಹನ್ನೆರಡು ವಾರಗಳ ಸರ್ಟಿಫಿಕೇಟು ಶಿಕ್ಷಣವನ್ನು ನಿಯಮದಲ್ಲಿ ಸೇರಿಸಲಾಯಿತು. ಇದಕ್ಕೂ ಮೊದಲೇ, ೨೦೦೩ರಲ್ಲಿ, ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯವರು ಬೀಜ ಗೊಬ್ಬರ ಔಷಧಿಗಳ ವ್ಯಾಪಾರಿಗಳಿಗೆಂದೇ, ವಾರಕ್ಕೆ ಒಂದು ದಿನದಂತೆ ಒಂದು ವರ್ಷ ನಡೆಯುವ ಡಿಪ್ಲೊಮಾವನ್ನು ತೆರೆದಿದ್ದರು. ಪಟ್ಟಣದ ಮನೆಗಳಲ್ಲಿ ಗೆದ್ದಲು ಜಿರಳೆಗಳಿಗೆ ಔಷಧಿ ಹೊಡೆಯುವ ವ್ಯಾಪಾರವನ್ನು ನಡೆಸುವವನಿಗೆ ಲೈಸೆನ್ಸು ಬೇಕು; ಅದಕ್ಕಾಗಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೇ ಮೊದಲಾದ ಗೊತ್ತಾದ ಸಂಸ್ಥೆಗಳಲ್ಲಿ ಕನಿಷ್ಠ ೧೫ ದಿವಸಗಳ ತರಬೇತಾಗಬೇಕು. ಡ್ರೋನಿನಿಂದ ಸಿಂಪಡಿಸುವವರಿಗೆ ೨೦೨೧ರ ನಿಯಮಗಳ ಪ್ರಕಾರ ಹಾರಾಟದ ಪ್ರಮಾಣಪತ್ರವು ಬೇಕು. ೨೦೨೩ರಲ್ಲಿ ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ಡ್ರೋನುಗಳನ್ನು ಕೊಡುವ ಯೋಜನೆಯಾದಾಗ ಐದು ದಿವಸ ಹಾರಾಟಕ್ಕೂ ಹತ್ತು ದಿವಸ ವ್ಯವಸಾಯದ ಉಪಯೋಗಕ್ಕೂ, ಒಟ್ಟು ೧೫ ದಿವಸಗಳ ತರಬೇತನ್ನು ಗೊತ್ತುಮಾಡಿದರು.

ಹೀಗೆ ಮಾರುವವನಿಗೆ ಪ್ರಮಾಣಪತ್ರ, ಜಿರಳೆ ಕೊಲ್ಲುವವನಿಗೆ ಪ್ರಮಾಣಪತ್ರ, ಹಾರಿಸುವವನಿಗೆ ಪ್ರಮಾಣಪತ್ರ. ಹದಿನಾರು ಲೀಟರಿನ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು, ಬರಿಗಾಲಿನಲ್ಲಿ ಗದ್ದೆಗಿಳಿದು, ದಿನವೆಲ್ಲ ಆ ಹನಿಗಳ ನಡುವೆಯೇ ಉಸಿರಾಡುವವನಿಗೆ ಮಾತ್ರ ಯಾವುದೂ ಇಲ್ಲ. ನಿಯಮಗಳಲ್ಲಿ ಕೆಲಸಗಾರರ ರಕ್ಷಣೆಯ ಉಡುಪು ಮೊದಲಾದವುಗಳ ಮಾತು ಬಂದಿದ್ದರೂ, ಹೊಲದಲ್ಲಿ ಸಿಂಪಡಿಸುವ ಕೂಲಿಗಾರನು ಕಲಿತವನಾಗಿರಬೇಕೆಂದು ಯಾರೂ ಕೇಳುವುದಿಲ್ಲ. ವಿಷಕ್ಕೆ ಅತಿ ಸಮೀಪವಾಗಿರುವವನು ವಿದ್ಯೆಗೆ ಅತಿ ದೂರವಾಗಿದ್ದಾನೆ.

ಇದರ ಫಲವನ್ನು ದೇಶವು ಕಂಡಿದೆ. ೨೦೧೭ರ ಮುಂಗಾರಿನಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಔಷಧಿ ಸಿಂಪಡಿಸುತ್ತಿದ್ದ ರೈತರೂ ಕೂಲಿಗಾರರೂ ಸೇರಿ ೨೦ಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಹತ್ತಿಯು ಆ ವರ್ಷ ಆಳೆತ್ತರಕ್ಕೆ ಬೆಳೆದಿತ್ತು. ಸಿಂಪಡಿಸಿದ ಹನಿಗಳು ಮುಖಕ್ಕೇ ಬೀಳುತ್ತಿದ್ದುವು. ಹಲವು ಔಷಧಿಗಳನ್ನು ಒಟ್ಟಿಗೆ ಬೆರಸಿ ಹೊಡೆಯುವ ರೂಢಿಯಿತ್ತು. ಕೈಗವಸು ಮುಖವಸ್ತ್ರಗಳು ಇರಲಿಲ್ಲ. ಯವತಮಾಳವು ದೂರದ ಊರೆಂದು ನಾವು ಸುಮ್ಮನಿರಲಾಗದು. ನಮ್ಮ ರಾಯಚೂರು ಹಾವೇರಿಗಳಲ್ಲಿಯೂ ಹತ್ತಿ ಬೆಳೆಯುತ್ತದೆ, ಕೋಲಾರದಲ್ಲಿ ಟೊಮೇಟೊ ಬೆಳೆಯುತ್ತದೆ, ವಿಜಯಪುರದಲ್ಲಿ ದ್ರಾಕ್ಷಿ ಬೆಳೆಯುತ್ತದೆ. ಡಬ್ಬಿ ಹೊರುವ ಬೆನ್ನುಗಳು ಎಲ್ಲೆಲ್ಲಿಯೂ ಒಂದೇ ವಿಧವಾದುವು.

ನಮ್ಮ ಮಾತಿನ ರೂಢಿಯೂ ಇಲ್ಲಿ ಸ್ವಲ್ಪ ಮೋಸಮಾಡುತ್ತದೆ. ಕೆಲವು ಸೀಮೆಗಳಲ್ಲಿ ಇದನ್ನು ‘ಎಣ್ಣೆ’ ಎನ್ನುತ್ತಾರೆ. ಉಳಿದೆಡೆಗಳಲ್ಲಿ ‘ಔಷಧಿ’ ಎನ್ನುತ್ತಾರೆ. ನಾವೂ ಈ ಲೇಖನದಲ್ಲಿ ಹಾಗೆಯೇ ಬರೆಯುತ್ತಿದ್ದೇವೆ. ಎಣ್ಣೆಯೆಂದರೆ ಕೈಗೆ ಅಂಟಿದರೆ ಒರೆಸಿಕೊಳ್ಳುವ ವಸ್ತು. ಔಷಧಿಯೆಂದರೆ ಸ್ವಲ್ಪ ಹೆಚ್ಚಾದರೆ ಗುಣವೂ ಬೇಗ ಎಂಬ ಭಾವನೆ. ಹೆಸರಿನಲ್ಲಿ ಕಾಣದ ಅಪಾಯವನ್ನು ಶಿಕ್ಷಣದಿಂದಲೇ ಕಾಣಿಸಬೇಕಾಗಿದೆ.

ಏನನ್ನು ಕಲಿಸಬೇಕು?—ಸಿಂಪಡಿಸುವುದರಲ್ಲಿ ಕಲಿಯುವುದೇನಿದೆ, ಹಿಡಿಯನ್ನು ಒತ್ತಿದರೆ ಹನಿ ಬೀಳುತ್ತದೆ ಎನ್ನುವವರಿಗಾಗಿ ಒಂದು ಲೆಕ್ಕವನ್ನು ಹೇಳುತ್ತೇವೆ. ಒಂದು ಔಷಧಿಯನ್ನು ಲೀಟರಿಗೆ ೨ ಮಿಲಿಲೀಟರಿನಂತೆ ಬೆರಸಿ ಎಕರೆಗೆ ೨೦೦ ಲೀಟರು ನೀರಿನಲ್ಲಿ ಹೊಡೆಯಬೇಕೆಂದು ಹೇಳಿದೆಯೆಂದಿಟ್ಟುಕೊಳ್ಳಿ. ಹದಿನಾರು ಲೀಟರಿನ ಡಬ್ಬಿಗೆ ೩೨ ಮಿಲಿಲೀಟರು ಔಷಧಿ ಬೀಳಬೇಕು. ಇದನ್ನು ಸೀಸೆಯ ಮುಚ್ಚಳದಿಂದ ಅಂದಾಜು ಮಾಡುವವನ ಅಳತೆಯು ದಿನಕ್ಕೊಂದು ವಿಧ. ಇನ್ನು ನಡೆಯುವ ವೇಗ. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಜಾಗವನ್ನು ಗುರುತುಮಾಡಿ ಬರಿಯ ನೀರನ್ನು ಸಿಂಪಡಿಸಿ ನೋಡಿದರೆ ಎಷ್ಟು ನೀರು ಹಿಡಿಯಿತೆಂಬುದು ತಿಳಿಯುತ್ತದೆ. ಐದು ಲೀಟರು ಹಿಡಿದರೆ ಎಕರೆಗೆ ಸುಮಾರು ೨೦೦ ಲೀಟರಾಯಿತು, ಸರಿ. ಅವಸರದಿಂದ ನಡೆದು ಎರಡೇ ಲೀಟರು ಹಿಡಿದರೆ ಎಕರೆಗೆ ೮೧ ಲೀಟರು ಮಾತ್ರ. ಎಂದರೆ ೪೦೦ ಮಿಲಿಲೀಟರು ಔಷಧಿ ಬೀಳಬೇಕಾದಲ್ಲಿ ೧೬೨ ಮಿಲಿಲೀಟರು ಬಿದ್ದಿತು. ಹುಳು ಸಾಯುವುದಿಲ್ಲ. ರೈತನು ಔಷಧಿ ಸರಿಯಿಲ್ಲವೆಂದು ಅಂಗಡಿಯವನನ್ನು ಬಯ್ದು, ಇನ್ನೂ ತೀಕ್ಷ್ಣವಾದುದನ್ನು ತಂದು, ಇಮ್ಮಡಿ ಬೆರಸಿ ಹೊಡೆಸುತ್ತಾನೆ. ಹಣವೂ ಹೋಯಿತು, ಬದುಕುಳಿದ ಹುಳುವಿನ ಸಂತತಿಗೆ ವಿಷವನ್ನು ತಡೆಯುವ ಶಕ್ತಿಯೂ ಬರುತ್ತಾ ಹೋಯಿತು, ಹೊಡೆಯುವವನ ಮೈಗೂ ಇಮ್ಮಡಿ ಸೇರಿತು. ಇವೆಲ್ಲವೂ ಹತ್ತು ಮೀಟರಿನ ಒಂದು ಪಾಠವಿಲ್ಲದುದರ ಫಲ.

ಇದರಂತೆಯೇ ಕಲಿಸಬೇಕಾದ ಸಂಗತಿಗಳು ಇನ್ನೂ ಇವೆ. ಡಬ್ಬಿಯ ಮೇಲಿನ ಬಣ್ಣದ ಗುರುತಿನಲ್ಲಿ ಕೆಂಪು ಅತ್ಯಂತ ಘೋರ ವಿಷಕ್ಕೂ, ಹಳದಿ ಅದಕ್ಕಿಂತ ಕಡಿಮೆಯಾದುದಕ್ಕೂ, ನೀಲಿ ಸಾಧಾರಣವಾದುದಕ್ಕೂ, ಹಸುರು ಅಲ್ಪವಾದುದಕ್ಕೂ ಸಂಕೇತ. ಅಕ್ಷರ ಬಾರದವನೂ ಇದನ್ನು ಒಂದು ಗಳಿಗೆಯಲ್ಲಿ ಕಲಿಯಬಹುದು. ಕಳೆನಾಶಕಕ್ಕೆ ಬಳಸುವ ನಳಿಕೆಯ ತುದಿ ಬೇರೆ, ಕೀಟನಾಶಕಕ್ಕೆ ಬಳಸುವುದು ಬೇರೆ. ತುದಿಯು ಕಟ್ಟಿಕೊಂಡಾಗ ಬಾಯಿಂದ ಊದಬಾರದು. ಗಾಳಿಗೆ ಎದುರಾಗಿ ಹೊಡೆಯಬಾರದು, ಸುಡುಬಿಸಿಲಿನಲ್ಲಿ ಹೊಡೆಯಬಾರದು, ಬರಿಗೈಯಿಂದ ಕಲಸಬಾರದು. ಬರಿದಾದ ಡಬ್ಬಿಯನ್ನು ಮೂರು ಸಾರಿ ತೊಳೆದು ತೂತುಮಾಡಿ, ಮತ್ತೆ ಮನೆಯ ಉಪಯೋಗಕ್ಕೆ ಬಾರದಂತೆ ಮಾಡಬೇಕು. ಹೊಡೆದ ಮೇಲೆ ಎಷ್ಟು ದಿವಸ ಕಾಯಿಯನ್ನು ಕೊಯ್ಯಬಾರದೆಂಬುದನ್ನು ತಿಳಿದಿರಬೇಕು. ಇದು ತಿನ್ನುವವರ ಆರೋಗ್ಯಕ್ಕೆ ಸೇರಿದ ಮಾತು. ಜೊತೆಗಾರನ ಬಾಯಲ್ಲಿ ಜೊಲ್ಲು ಸುರಿದು, ಮೈ ಬೆವತು, ಕಣ್ಣಿನ ಪಾಪೆ ಕುಗ್ಗಿದರೆ, ಅವನನ್ನು ಹೊಲದಿಂದ ಆಚೆಗೆ ತಂದು, ಬಟ್ಟೆ ಕಳಚಿ, ಸೋಪಿನಿಂದ ಮೈ ತೊಳೆದು, ಔಷಧಿಯ ಚೀಟಿಯೊಡನೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಈ ಕೊನೆಯ ಪಾಠವೊಂದೇ ಒಂದು ಪ್ರಾಣವನ್ನು ಉಳಿಸಿದರೂ ತರಬೇತಿನ ವೆಚ್ಚವು ಸಾರ್ಥಕವಾಯಿತೆಂದು ತಿಳಿಯಬೇಕು.

ಮಲೆನಾಡಿನವರಿಗೆ ಇದು ಹೊಸ ಮಾತಲ್ಲ. ಅಡಿಕೆಯ ಕೊಳೆರೋಗಕ್ಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಡಾಕ್ಟರ್ ಕೋಲ್ಮನ್ನರು ಆ ರೋಗವನ್ನು ಶೋಧಿಸಿ, ತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ—ಇಷ್ಟು ಎಲ್ಲರಿಗೂ ಬಾಯಿಪಾಠ. ಆದರೆ ದ್ರಾವಣವು ಹದವಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದ್ದಿ, ಕೆಂಪು ಬಣ್ಣವು ಹಿಡಿದರೆ ಇನ್ನಷ್ಟು ಸುಣ್ಣವನ್ನು ಸೇರಿಸಬೇಕೆಂಬುದು ಕಣ್ಣಾರೆ ಕಂಡು ಕಲಿಯತಕ್ಕ ವಿದ್ಯೆ. ಆ ದ್ರಾವಣವು ಮರದ ತುದಿಯ ಗೊನೆಯನ್ನು ಮುಟ್ಟುವುದು ಕೊನೆಗೌಡನ ಕೈಯಿಂದ. ಸಂಶೋಧಕನ ಜ್ಞಾನವೆಲ್ಲವೂ ಕೊನೆಗೆ ಬಂದು ನಿಲ್ಲುವುದು ಆ ಒಂದು ಕೈಯ ಕುಶಲತೆಯ ಮೇಲೆ. ಪ್ರಯೋಗಶಾಲೆಗೆ ಲಕ್ಷಗಟ್ಟಲೆ ವೆಚ್ಚಮಾಡಿ ಕೈಗೆ ಏನನ್ನೂ ಕಲಿಸದಿದ್ದರೆ, ಕಾಲುವೆಯನ್ನು ತೋಡಿ ತೂಬನ್ನು ಇಡದಂತೆ ಆಗುವುದು.

ಆಕ್ಷೇಪಣೆಗಳು.—ನಮ್ಮ ಸಲಹೆಗೆ ಆಕ್ಷೇಪಣೆಗಳು ಬರುವುದು ಸಹಜ. ಅವುಗಳಲ್ಲಿ ಮುಖ್ಯವಾದ ಮೂರಕ್ಕೆ ಉತ್ತರ ಕೊಡುತ್ತೇವೆ.

ಇದು ಬಡವನ ತಲೆಯ ಮೇಲೆ ಮತ್ತೊಂದು ಕಾಗದದ ಹೊರೆಯಲ್ಲವೇ, ಪ್ರಮಾಣಪತ್ರವಿಲ್ಲವೆಂದು ಅವನ ಕೂಲಿಯು ತಪ್ಪುವುದಿಲ್ಲವೇ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದುದರಿಂದ ಮೊದಲಲ್ಲಿ ಕಡ್ಡಾಯವು ಬೇಡ. ತನ್ನ ಹೊಲಕ್ಕೆ ತಾನೇ ಹೊಡೆದುಕೊಳ್ಳುವ ರೈತನ ತಂಟೆಗೂ ಹೋಗುವುದು ಬೇಡ. ಕೂಲಿಗಾಗಿ ಊರೂರಿಗೆ ಹೋಗಿ ಸಿಂಪಡಿಸುವವರಿಂದ ಆರಂಭಿಸಿ, ತರಬೇತನ್ನು ಉಚಿತವಾಗಿ ಕೊಟ್ಟು, ಮುಗಿಸಿದವರಿಗೆ ರಕ್ಷಣೆಯ ಉಡುಪನ್ನೂ ಅಪಘಾತದ ವಿಮೆಯನ್ನೂ ಕೊಟ್ಟರೆ, ಕಲಿತವನನ್ನೇ ಕರೆಯುವ ಅಭ್ಯಾಸವು ತಾನಾಗಿ ಬೆಳೆಯುತ್ತದೆ. ಬಹುಮಂದಿ ಕಲಿತ ಮೇಲೆ, ಕೆಂಪು ಹಳದಿ ಗುರುತಿನ ವಿಷಗಳನ್ನು ಕೂಲಿಗಾಗಿ ಹೊಡೆಯುವವರಿಗೆ ಮಾತ್ರ ನಿಯಮವನ್ನು ಮಾಡಬಹುದು. ಅಮೆರಿಕದವರು ೧೯೭೨ರ ಕಾನೂನಿನಲ್ಲಿ, ನಿರ್ಬಂಧಿತವೆಂದು ಗೊತ್ತಾದ ವಿಷಗಳನ್ನು ಪ್ರಮಾಣಪತ್ರವುಳ್ಳವರು ಅಥವಾ ಅವರ ಮೇಲ್ವಿಚಾರಣೆಯಲ್ಲಿರುವವರೇ ಬಳಸಬೇಕೆಂದು ಹೀಗೆಯೇ ವಿಂಗಡಿಸಿದರು. ಐರೋಪ್ಯ ಒಕ್ಕೂಟದವರು ೨೦೦೯ರ ನಿರ್ದೇಶದಲ್ಲಿ, ವೃತ್ತಿಯಾಗಿ ಬಳಸುವವರೆಲ್ಲರಿಗೂ ತರಬೇತು ಪ್ರಮಾಣಪತ್ರಗಳ ವ್ಯವಸ್ಥೆಯು ಇರಬೇಕೆಂದು ವಿಧಿಸಿದರು. ಅಲ್ಲಿನ ಹೊಲಗಳು ಬೇರೆ, ಇಲ್ಲಿನವು ಬೇರೆ ಎಂಬುದು ನಿಜ. ಆದರೆ ಮನುಷ್ಯನ ಶ್ವಾಸಕೋಶವು ಎರಡು ಕಡೆಯೂ ಒಂದೇ.

ಕಲಿತವರು ಹಳ್ಳಿಯನ್ನು ಬಿಟ್ಟು ಪಟ್ಟಣ ಸೇರುತ್ತಾರೆ ಎಂಬುದು ಎರಡನೆಯ ಆಕ್ಷೇಪಣೆ. ಕಸಬಿಗೆ ಹಳ್ಳಿಯಲ್ಲಿ ಬೆಲೆಯಿಲ್ಲದಾಗ ಹಾಗಾಗುವುದುಂಟು. ಚಾಕಿ ಸಾಕುವವನು ಪಟ್ಟಣಕ್ಕೆ ಓಡುವುದಿಲ್ಲ. ಅವನ ಗಿರಾಕಿಗಳು ಹಳ್ಳಿಯಲ್ಲಿಯೇ ಇದ್ದಾರೆ. ಸಿಂಪಡಿಸುವವನ ಗಿರಾಕಿಗಳೂ ಹಳ್ಳಿಯಲ್ಲಿಯೇ ಇರತಕ್ಕವರು.

ವಿಷವನ್ನೇ ಬಿಡುವುದನ್ನು ಕಲಿಸದೆ ವಿಷ ಹೊಡೆಯುವುದನ್ನು ಕಲಿಸುವುದೇ ಎಂದು ಸಾವಯವ ವ್ಯವಸಾಯದ ಪಕ್ಷಪಾತಿಗಳು ಕೇಳಬಹುದು. ಅವರ ಗುರಿಯು ಶ್ಲಾಘ್ಯವಾದುದು. ಆದರೆ ಗುರಿ ಮುಟ್ಟುವವರೆಗೆ ಸಾವಿರಾರು ಮಂದಿ ದಿನವೂ ಡಬ್ಬಿಯನ್ನು ಹೊರುತ್ತಿರುತ್ತಾರೆ, ಅವರನ್ನು ಕೈಬಿಡಲಾಗದು. ಅದಲ್ಲದೆ, ಹುಳುವನ್ನು ಗುರುತಿಸಿ, ಎಣಿಸಿ, ಹೊಡೆಯುವ ಅವಶ್ಯಕತೆಯಿದೆಯೇ ಎಂದು ನಿರ್ಣಯಿಸಬಲ್ಲವನೇ ಹೊಡೆಯದೆ ಇರಲೂ ಬಲ್ಲನು. ಕಲಿಯದವನಿಗೆ ಹೊಡೆಯುವುದೊಂದೇ ದಾರಿ.

ನಡೆಸತಕ್ಕ ಕ್ರಮ.—ಇನ್ನು ಕಾರ್ಯದ ವಿಷಯ. ತರಬೇತು ಹೇಗಿರಬೇಕೆಂಬುದನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ.

ಒಂದೇ ಸಮನೆ ಏಳು ದಿವಸ ಕೊಠಡಿಯಲ್ಲಿ ಕೂಡಿಸುವುದಕ್ಕಿಂತ, ಒಂದು ಬೆಳೆಯ ಕಾಲದಲ್ಲಿ ವಾರಕ್ಕೆ ಅರ್ಧ ದಿವಸದಂತೆ ಹೊಲದಲ್ಲಿಯೇ ಕಲಿಸಬೇಕು. ವ್ಯಾಪಾರಿಗಳಿಗೆ ವಾರಕ್ಕೊಂದು ದಿನದ ಅನುಕೂಲವು ಸಾಧ್ಯವಾದರೆ ಕೂಲಿಗಾರರಿಗೂ ಅದು ಸಾಧ್ಯವೇ. ಮೊಳಕೆಯಲ್ಲಿ ಬರುವ ಹುಳುವೂ, ಕಾಯಿಯಲ್ಲಿ ಬರುವ ಹುಳುವೂ ಒಂದೇ ವಾರದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅವುಗಳನ್ನು ತೋರಿಸುವ ಪಾಠವೂ ಒಂದೇ ವಾರದಲ್ಲಿ ಮುಗಿಯಲಾರದು.

ದಿನಗೂಲಿಯಿಂದ ಬದುಕುವವನು ಕಲಿಯಲು ಬಂದ ಹೊತ್ತಿಗೆ ತಕ್ಕ ಕೂಲಿಯನ್ನು ಕೊಡಬೇಕು. ಇದನ್ನು ಕೊಡದೆ, ಕೂಲಿಗಾರರು ತರಬೇತಿಗೆ ಬರುವುದಿಲ್ಲವೆಂದು ವರದಿ ಬರೆಯುವುದು ಸರಿಯಲ್ಲ. ಎಸ್. ಎಸ್. ಎಲ್. ಸಿ. ಮುಗಿಸಿರಬೇಕೆಂಬ ನಿಬಂಧನೆಯನ್ನು ಇಲ್ಲಿ ಬಿಟ್ಟುಬಿಡಬೇಕು. ಅಕ್ಷರ ಬಾರದವನಿಗೆ ಬಾಯಿಮಾತಿನಿಂದಲೂ ಕೈಕೆಲಸದಿಂದಲೂ ಪರೀಕ್ಷೆಯಾಗಲಿ. ಪಾಠಗಳೆಲ್ಲವೂ ಆಯಾ ಸೀಮೆಯವರಿಗೆ ತಿಳಿಯುವ ಕನ್ನಡದಲ್ಲಿರಲಿ.

ಪರೀಕ್ಷೆಯು ಹೊಲದಲ್ಲಿಯೇ ನಡೆಯಲಿ. 'ನಳಿಕೆಯ ತುದಿಯನ್ನು ಬದಲಾಯಿಸು, ಔಷಧಿಯನ್ನು ಅಳೆ, ಹತ್ತು ಮೀಟರಿನ ಜಾಗಕ್ಕೆ ಹೊಡೆದು ಲೆಕ್ಕ ಹೇಳು, ಈ ಎಲೆಯ ಮೇಲಿನ ಹುಳುಗಳಲ್ಲಿ ಮಿತ್ರನಾವುದು ಶತ್ರುವಾವುದು ತೋರಿಸು'—ಹೀಗೆ ಕೇಳಬೇಕು. ಪರೀಕ್ಷಕರಲ್ಲಿ ಇಲಾಖೆಯವರ ಜೊತೆಗೆ ಊರಿನ ಇಬ್ಬರು ಅನುಭವಸ್ಥ ರೈತರೂ ಇರಲಿ. ತೇರ್ಗಡೆಯಾಗದವನು ಮುಂದಿನ ಬೆಳೆಗೆ ಮತ್ತೆ ಬರಲಿ. ಯಾರೂ ಅನುತ್ತೀರ್ಣರಾಗದ ಪರೀಕ್ಷೆಯ ಪ್ರಮಾಣಪತ್ರವನ್ನು ಯಾರೂ ನಂಬುವುದಿಲ್ಲ. ಈಗಾಗಲೇ ಚೆನ್ನಾಗಿ ಬಲ್ಲ ಹಳಬರಿಗೆ ಪಾಠಕ್ಕೆ ಕೂರಿಸದೆ ನೇರವಾಗಿ ಪರೀಕ್ಷೆಮಾಡಿ ಪತ್ರವನ್ನು ಕೊಡುವ ಅವಕಾಶವೂ ಇರಬೇಕು. ಪೂರ್ವದ ಕಲಿಕೆಗೆ ಮನ್ನಣೆ ಕೊಡುವ ಪದ್ಧತಿಯು ನಮ್ಮ ಕೌಶಲ ಯೋಜನೆಗಳಲ್ಲಿ ಬಂದೇ ಇದೆ.

ಕಡೆಯದಾಗಿ, ಪ್ರಮಾಣಪತ್ರವು ಗೋಡೆಯಾಗದೆ ಮೆಟ್ಟಿಲಾಗಬೇಕು. ಸಿಂಪಡಿಸುವುದನ್ನು ಕಲಿತವನು ಮುಂದೆ ಪೈರಿನ ರೋಗಗಳನ್ನು ಗುರುತಿಸುವುದನ್ನೂ, ಆಮೇಲೆ ಡ್ರೋನು ನಡೆಸುವುದನ್ನೂ, ಶಕ್ತಿಯಿದ್ದರೆ ಡಿಪ್ಲೊಮಾವನ್ನೂ ಕಲಿಯುವಂತೆ ಒಂದಕ್ಕೊಂದು ಸಂಬಂಧವನ್ನು ಕಲ್ಪಿಸಬೇಕು. ಕೂಲಿಯವನ ಮಗಳು ಈ ಮೆಟ್ಟಿಲಿನ ತುದಿಯನ್ನು ಮುಟ್ಟಿದ ದಿನ, ೧೯೧೩ರಲ್ಲಿ ಹೆಬ್ಬಾಳದಲ್ಲಿ ಇಟ್ಟ ಅಡಿಗಲ್ಲಿಗೆ ನ್ಯಾಯ ಸಲ್ಲಿಸಿದಂತಾಗುವುದು.

ಮಾರುವವನನ್ನು ಪರೀಕ್ಷಿಸಿ ಹೊರುವವನನ್ನು ಮರೆಯುವ ಈಗಿನ ಕ್ರಮವು ನ್ಯಾಯವೂ ಅಲ್ಲ, ಲಾಭವೂ ಅಲ್ಲ. ಇಲಾಖೆಯವರೂ ಕೃಷಿ ವಿಜ್ಞಾನ ಕೇಂದ್ರದವರೂ ತಾಲ್ಲೂಕಿಗೆ ಒಂದು ಹಳ್ಳಿಯಲ್ಲಿಯಾದರೂ, ಒಂದು ಬೆಳೆಗಾದರೂ, ಇದನ್ನು ನಡೆಸಿ ನೋಡಲಿ. ರೈತಬಾಂಧವರೂ ಕೂಲಿಯವರನ್ನು ಕರೆಯುವಾಗ ಎಷ್ಟು ಡಬ್ಬಿ ಹೊಡೆಯುವೆ ಎಂದು ಕೇಳುವುದಕ್ಕೆ ಮೊದಲು ಹೇಗೆ ಹೊಡೆಯುವೆ ಎಂದು ಕೇಳುವ ರೂಢಿಯನ್ನು ಇಟ್ಟುಕೊಳ್ಳಲಿ. ಬಲ್ಲವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವಾಗುವುದಿಲ್ಲ. ಬೆಳೆಯೂ ಉಳಿಯುತ್ತದೆ, ಆಳೂ ಉಳಿಯುತ್ತಾನೆ.